ಏಳನೇ ಮೊಳೆ

ಬಿಲ್ಲೆ ಮೇಷ್ಟ್ರು ಎಂದರೆ ಆ ಪ್ರಾಂತ್ಯದ ಹದಿನಾಲ್ಕು ಅಗ್ನಿಶಾಮಕ ಠಾಣೆಗಳಲ್ಲಿ ಗೊತ್ತಿಲ್ಲದವರಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಜನ ಅವರನ್ನು ಕಂಡರೆ ಎದ್ದು ನಿಲ್ಲುತ್ತಾರೆ, ಇನ್ನರ್ಧ ಜನ ಅವರು ಬರುತ್ತಿದ್ದಾರೆ ಎಂಬ ಸುದ್ದಿ ಸಿಕ್ಕಿದ ಕೂಡಲೇ ಶೌಚಾಲಯ ಸೇರಿ ಚಿಲಕ ಹಾಕಿಕೊಳ್ಳುತ್ತಾರೆ. ಮೇಷ್ಟ್ರು ಅಂದಮಾತ್ರಕ್ಕೆ ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅವರೊಬ್ಬ ಠಾಣಾಧಿಕಾರಿ, ಜೊತೆಗೆ ಪ್ರಾಂತೀಯ ಅಗ್ನಿಶಾಮಕ ನೌಕರರ ಸಂಘದ ಕಾರ್ಯದರ್ಶಿ. ಆದರೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಬಿಲ್ಲೆಯ ಪಾಠ ಹೇಳುವ ಚಾಳಿ ಅವರಿಗೆ ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಹೆಸರು ಬಿದ್ದದ್ದು ಹಾಗೆ.

ಪಾಠವೇನೂ ದೊಡ್ಡದಲ್ಲ. ಬಿಲ್ಲೆ ಎಂದರೆ ಹಿತ್ತಾಳೆಯದು, ಅಂಗೈಯಲ್ಲಿ ಅಡಗುವಷ್ಟು, ಮೇಲೊಂದು ತೂತು, ನಡುವೆ ಒಂದು ನಂಬರು. ಬೆಂಕಿ ಬಿದ್ದ ಕಟ್ಟಡದೊಳಗೆ ಹೋಗುವವನು ತನ್ನ ಬಿಲ್ಲೆಯನ್ನು ಬಾಗಿಲಲ್ಲಿ ನಂಬರು ಹಾಕಿದ ಮೊಳೆಗಳ ಹಲಗೆಯ ಪಕ್ಕ ನಿಂತವನ ಕೈಗೆ ಕೊಡಬೇಕು. ಹಲಗೆಯವನು ಅದನ್ನು ಆ ನಂಬರಿನ ಮೊಳೆಗೆ ಸಿಕ್ಕಿಸಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಹೊತ್ತು ಬರೆಯುತ್ತಾನೆ. ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರ್ ಅರ್ಧ ಗಂಟೆ ಬಂದರೆ ಹೆಚ್ಚು. ಹೊರಗೆ ಬಂದವನು ಎಷ್ಟೇ ಸುಸ್ತಾಗಿರಲಿ, ಯಾವ ಬಾಗಿಲಿನಿಂದಲೇ ಬಂದಿರಲಿ, ಮೊದಲು ಹಲಗೆಯ ಮುಂದೆ ಬಂದು ತನ್ನ ಬಿಲ್ಲೆ ಇಸಿದುಕೊಳ್ಳಬೇಕು. ಮೊಳೆಯ ಮೇಲೆ ಬಿಲ್ಲೆ ಇದೆಯೆಂದರೆ ಒಳಗೊಬ್ಬ ಮನುಷ್ಯ ಇದ್ದಾನೆ ಎಂದೇ ಅರ್ಥ. ಅರ್ಧ ಗಂಟೆ ಮೀರಿದರೆ ಅವನನ್ನು ಹುಡುಕಲು ಇಬ್ಬರು ಒಳಗೆ ಹೋಗಬೇಕು. ಇಷ್ಟನ್ನು ಹೇಳಲು ಸಾಮಾನ್ಯ ಮನುಷ್ಯನಿಗೆ ಎರಡು ನಿಮಿಷ ಸಾಕು. ಮೇಷ್ಟ್ರಿಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು.

ಸಂಘದ ಕಚೇರಿ ಹಳೆಯ ಠಾಣೆಯ ಮಹಡಿಯಲ್ಲಿತ್ತು. ಒಂದೇ ಕೋಣೆ. ಒಂದು ಉದ್ದನೆಯ ಮೇಜು, ಕಾಲು ಅಲುಗಾಡುವ ಆರು ಕುರ್ಚಿ, ಗೋಡೆಯ ತುಂಬ ತೀರಿಹೋದವರ ಭಾವಚಿತ್ರ. ಕೆಳಗೆ ಎರಡು ಬೆಂಕಿ ಎಂಜಿನ್ನುಗಳು ನಿಂತಿರುತ್ತಿದ್ದುದರಿಂದ ನೆಲದ ಹಲಗೆಗಳ ಸಂದಿಯಿಂದ ಡೀಸೆಲ್ಲಿನ ವಾಸನೆ ಮೇಲೇರಿ ಬರುತ್ತಿತ್ತು. ಕಿಟಕಿಯಾಚೆ ನೀರಿನ ಪೈಪುಗಳನ್ನು ಒಣಗಿಸುವ ಎತ್ತರದ ಗೋಪುರ. ತೊಳೆದ ಕ್ಯಾನ್ವಾಸ್ ಪೈಪುಗಳನ್ನು ತುದಿಯಿಂದ ಬುಡದವರೆಗೆ ಇಳಿಬಿಟ್ಟಿರುತ್ತಿದ್ದರು. ಮಧ್ಯಾಹ್ನದ ಗಾಳಿಗೆ ಅವು ಒಂದನ್ನೊಂದು ತಾಗದೆ ನಿಧಾನವಾಗಿ ತೂಗುತ್ತಿದ್ದವು. ಅದನ್ನೇ ನೋಡುತ್ತ ಮೇಷ್ಟ್ರು ಎಲ್ಲಿಗೋ ಹೋಗಿಬಿಡುತ್ತಿದ್ದರು. ಕೈಯಲ್ಲಿ ಪೆನ್ನು, ಮುಂದೆ ಅರ್ಧ ಬರೆದ ಸುತ್ತೋಲೆ, ಟೀ ಆರಿ ಕೆನೆ ಕಟ್ಟಿರುತ್ತಿತ್ತು, ಮನುಷ್ಯ ಮಾತ್ರ ಅಲ್ಲಿ ಇರುತ್ತಿರಲಿಲ್ಲ.

ಮನೆಯಲ್ಲೂ ಇದೇ ಕಥೆ. ಹೆಂಡತಿ ಅಂಚೆ ಕಚೇರಿಯಲ್ಲಿ ದಿನವಿಡೀ ಮುದ್ರೆ ಒತ್ತಿ ದಣಿದು ಬಂದು ಮೂರು ಮಾತು ಹೇಳಿದರೆ ಒಂದು ಇವರ ಕಿವಿಗೆ ಬೀಳುತ್ತಿತ್ತು.

“ರೀ, ಎಲ್ಲಿದ್ದೀರಿ?”

“ಇಲ್ಲೇ ಇದ್ದೀನಲ್ಲ.”

“ಇಲ್ಲಿ ಇರೋದು ನಿಮ್ಮ ಅಂಗಿ. ನಾನು ನಿಮ್ಮನ್ನ ಕೇಳ್ತಿರೋದು.”

ಇಪ್ಪತ್ತನಾಲ್ಕು ವರ್ಷದಿಂದ ಅವಳು ಇದನ್ನು ತಮಾಷೆ ಎಂದೇ ತಿಳಿದಿದ್ದಳು. ಒಳ್ಳೆಯ ಗಂಡ, ಕುಡಿತವಿಲ್ಲ, ಜಗಳವಿಲ್ಲ, ಸ್ವಲ್ಪ ಕನಸುಗಣ್ಣಿನವನು, ಅಷ್ಟೇ. ಊರೂ ಹಾಗೇ ತಿಳಿದಿತ್ತು. ಅವರು ಹೋಗುತ್ತಿದ್ದದ್ದು ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಬಿಡಿ.

ಅವರು ಹೋಗುತ್ತಿದ್ದದ್ದು ಒಂದು ಹಿತ್ತಲಿಗೆ.

ಆಗ ಅವರಿನ್ನೂ ‘ಅವರು’ ಆಗಿರಲಿಲ್ಲ, ‘ಅವನು’. ಇಪ್ಪತ್ತೈದು ವರ್ಷ. ಕೆಲಸ ಖಾಯಂ ಆಗಲು ಇನ್ನು ನಾಲ್ಕು ತಿಂಗಳಿತ್ತು. ಹೆಂಡತಿಗೆ ಆರು ತಿಂಗಳು. ಒಂದು ಮಧ್ಯಾಹ್ನ ಬಟ್ಟೆಯ ಗೋದಾಮಿಗೆ ಬೆಂಕಿ ಬಿತ್ತು. ಬಟ್ಟೆಯ ಬೆಂಕಿ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ. ಬಿಗಿದು ಕಟ್ಟಿದ ಬೇಲುಗಳ ಒಳಗೊಳಗೇ ಕೆಂಡ ಮಾಡಿಕೊಂಡು, ಹೊರಗೆ ಹಾಲಿನಂಥ ಬಿಳಿ ಹೊಗೆ ಬಿಡುತ್ತದೆ. ಅವನು ಬಿಲ್ಲೆ ಕೊಟ್ಟು ಒಳಗೆ ಹೋದ. ಏಳನೇ ನಂಬರು. ಹಲಗೆಯ ಪಕ್ಕ ನಿಂತಿದ್ದವನು ಅವನಿಗಿಂತ ಒಂಬತ್ತು ವರ್ಷ ದೊಡ್ಡವನು, ಇಡೀ ಠಾಣೆಯಲ್ಲೇ ಚುರುಕು ಕಣ್ಣಿನವನು ಎಂದು ಹೆಸರಾದವನು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ, ಹಾಗೆ ಕಾಯುತ್ತಿದ್ದ. ಬಿಲ್ಲೆ ಇಸಿದುಕೊಂಡು, “ಹುಷಾರು ಕಣೋ, ಬೇಗ ಬಾ” ಅಂದ. ಎಲ್ಲರಿಗೂ ಅನ್ನುತ್ತಿದ್ದ ಮಾತೇ.

ಒಳಗೆ ಇಪ್ಪತ್ತು ನಿಮಿಷ ಆಗಿರಬೇಕು. ಕೈಯಲ್ಲಿದ್ದ ಪೈಪು ಎಲ್ಲೋ ಸಿಕ್ಕಿಕೊಂಡಿತು, ಜೊತೆಗಾರ ಅದನ್ನು ಬಿಡಿಸಲು ಹಿಂದೆ ಸರಿದ, ಬಿಳಿ ಹೊಗೆ ಇಬ್ಬರ ನಡುವೆ ಬಂದು ನಿಂತಿತು. ಜೊತೆಗಾರ ಪೈಪನ್ನೇ ಹಿಡಿದು ಬಂದ ದಾರಿಯಲ್ಲಿ ಮುಂಬಾಗಿಲಿಗೆ ಹೋದ. ಇವನು ಗೋಡೆ ತಡವುತ್ತ ನಡೆದ. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ಅಂಗೈಗೆ ಒಂದು ಅಗುಳಿ ಸಿಕ್ಕಿತು, ಎಳೆದ, ಬಾಗಿಲು ತೆರೆಯಿತು. ಹೊರಗೆ ಬಿದ್ದ.

ಅದು ಗೋದಾಮಿನ ಹಿತ್ತಲೂ ಅಲ್ಲ, ಪಕ್ಕದ ಲಾಂಡ್ರಿಯದು. ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಬಿಳಿ ದುಪ್ಪಟಿಗಳು. ಕೆಲಸದವರೆಲ್ಲ ಬೆಂಕಿ ನೋಡಲು ಬೀದಿಗೆ ಓಡಿದ್ದರು. ಅವನು ಮುಖವಾಡ ಕಿತ್ತು, ದುಪ್ಪಟಿಗಳ ನಡುವೆ ಕುಸಿದು ಕೂತ. ಹಸಿ ಬಟ್ಟೆ ಮುಖಕ್ಕೆ ತಾಗಿತು. ಸಾಬೂನಿನ ವಾಸನೆ. ಎರಡು ಕಡೆಯೂ ಬೆಳ್ಳಗೆ ತೂಗುತ್ತಿದ್ದ ಗೋಡೆಗಳು, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಸದ್ದೆಲ್ಲ ದೂರ ಹೋಯಿತು. ತಾನು ಬದುಕಿದ್ದೇನೆ, ಮನೆಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ, ಅವಳೊಳಗೆ ಇನ್ನೊಂದು ಜೀವ ಕಾಯುತ್ತಿದೆ ಎಂಬುದು ಮೊಟ್ಟಮೊದಲ ಸಲ ಅವನಿಗೆ ಪೂರ್ತಿಯಾಗಿ ತಿಳಿಯಿತು. ಏಳಬೇಕು, ಸುತ್ತಿಕೊಂಡು ಮುಂದಕ್ಕೆ ಹೋಗಿ ಬಿಲ್ಲೆ ಇಸಿದುಕೊಳ್ಳಬೇಕು ಎಂದು ಗೊತ್ತಿತ್ತು. ಇನ್ನೊಂದು ನಿಮಿಷ, ಅಂದುಕೊಂಡ. ದುಪ್ಪಟಿ ಹಾರಿ ಕೆನ್ನೆ ಸವರಿತು. ಇನ್ನೊಂದೇ ನಿಮಿಷ, ಅಂದುಕೊಂಡ. ಹಾಗೆ ಹನ್ನೊಂದು ನಿಮಿಷ ಕೂತ. ಹೇಳಿದರೆ ನಾಚಿಕೆಗೇಡು, ಆದರೂ ನಿಜ ಹೇಳಬೇಕು. ಅವನ ಬದುಕಿನಲ್ಲಿ ಅಷ್ಟು ಸುಖವಾಗಿ ಕಳೆದ ಹೊತ್ತು ಇನ್ನೊಂದಿಲ್ಲ.

ಆಮೇಲೆ ಸೀಟಿ ಕೇಳಿಸಿತು. ಉದ್ದನೆಯ ಮೂರು ಸೀಟಿ. ಒಳಗೊಬ್ಬ ಉಳಿದಿದ್ದಾನೆ, ಹುಡುಕಲು ಜನ ಹೋಗಲಿ ಎಂದು ಅರ್ಥ. ಯಾರಪ್ಪಾ ಅಂತ ಇವನೂ ಗಾಬರಿಯಾದ. ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ತಿಳಿಯಿತು. ಅದು ತಾನೇ.

ಓಡಿದ. ಗೋಡೆ ಸುತ್ತಿ ಬೀದಿಗೆ ಬರುವಷ್ಟರಲ್ಲಿ ಉದ್ದಣ್ಣ ಮತ್ತು ಇನ್ನೊಬ್ಬ ಒಳಗೆ ಹೋಗಿ ಆಗಿತ್ತು. ಉದ್ದಣ್ಣ ಅಂದರೆ ಠಾಣೆಯ ಎಲ್ಲ ಬಾಗಿಲುಗಳಿಗೂ ತಲೆ ಬಗ್ಗಿಸಿ ಹೋಗಬೇಕಾಗಿದ್ದ ಆಳು, ಇವನಿಗೆ ಏಣಿ ಹತ್ತಲು ಕಲಿಸಿದವನು. ಹಲಗೆ ಎಂಜಿನ್ನಿನ ಬಂಪರಿಗೆ ಒರಗಿತ್ತು. ಹಲಗೆಯವನು ಅದಕ್ಕೆ ಬೆನ್ನು ಹಾಕಿ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದ. ಏಳನೇ ಮೊಳೆಯಲ್ಲಿ ಬಿಲ್ಲೆ ತೂಗುತ್ತಿತ್ತು. ಹೋಗಿ ಅವನ ತೋಳು ಹಿಡಿದು, ಅಣ್ಣಾ ನಾನು ಇಲ್ಲಿದ್ದೀನಿ, ಅವರನ್ನ ವಾಪಸ್ ಕರೀರಿ ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬೈಗುಳ ಬೀಳುತ್ತಿತ್ತು, ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಅಷ್ಟೇ ತಾನೇ. ಅವನ ಎಡಗೈ ಚಾಚಿತು, ಬಿಲ್ಲೆ ತೆಗೆದುಕೊಂಡಿತು, ಜೇಬಿಗೆ ಹಾಕಿತು. ಅವನು ಹೋಗಿ ಪಂಪಿನ ಹತ್ತಿರ ನಿಂತವರ ಸಾಲಿಗೆ ಸೇರಿಕೊಂಡ. ಬಾಯಿ ಬಿಡಲು ಇನ್ನೂ ಹೊತ್ತಿತ್ತು. ಅರ್ಧ ನಿಮಿಷ ಇತ್ತು. ಅಷ್ಟರಲ್ಲಿ ಒಳಗೆ ಅಟ್ಟ ಕುಸಿದ ಸದ್ದು ಕೇಳಿಸಿತು.

ಜೊತೆಗೆ ಹೋದವನು ಪಾರಾದ. ಉದ್ದಣ್ಣನೂ ಸಾಯಲಿಲ್ಲ. ಬೆನ್ನು ಮುರಿಯಿತು. ಊರುಗೋಲು ಹಿಡಿದು ನಡೆಯಲು ಎರಡು ವರ್ಷ ಹಿಡಿಯಿತು, ಕೆಲಸ ಹೋಯಿತು.

ವಿಚಾರಣೆಯಲ್ಲಿ ಹಿರಿಯ ಅಧಿಕಾರಿ ಇವನನ್ನು ಕೇಳಿದ್ದು ಒಂದೇ ಪ್ರಶ್ನೆ. “ನೀನು ಯಾವಾಗ ಹೊರಗೆ ಬಂದೆ?” ಇವನು, “ಆಗಲೇ ಬಂದಿದ್ದೆ ಸಾರ್. ಬಿಲ್ಲೆ ತಗೊಂಡು ಪಂಪಿನ ಹತ್ರ ಹೋಗಿದ್ದೆ” ಅಂದ. ಹಲಗೆಯವನು, ಮೊಳೆಯ ಮೇಲೆ ಬಿಲ್ಲೆ ಇತ್ತು, ಕಣ್ಣಾರೆ ನೋಡಿದೆ ಅಂದ. ಬೆಂಕಿಯ ದಿನದಿಂದ ಹಾಗೇ ಎತ್ತಿಟ್ಟಿದ್ದ ಹಲಗೆಯನ್ನು ಎಲ್ಲರೂ ನೋಡಿದರು. ಏಳನೇ ಮೊಳೆ ಖಾಲಿ. ಹೊರಗೆ ಬಂದ ಹೊತ್ತನ್ನು ಬರೆಯದೇ ಬಿಟ್ಟದ್ದು ಹಲಗೆಯವನ ತಪ್ಪು, ಇಲ್ಲದ ಬಿಲ್ಲೆಯನ್ನು ಕಂಡದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಬರೆದು ಮುಗಿಸಿದರು. ಹಲಗೆಯವನು ಆ ಖಾಲಿ ಮೊಳೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಎರಡೇ ವಾರದಲ್ಲಿ ತಾನಾಗಿಯೇ ಉಗ್ರಾಣಕ್ಕೆ ವರ್ಗ ಕೇಳಿಕೊಂಡ. ಅಲ್ಲಿಂದ ಈಚೆಗೆ ಇಪ್ಪತ್ತನಾಲ್ಕು ವರ್ಷ ಕೈಗವಸು, ಬೂಟು, ಹೆಲ್ಮೆಟ್ಟು ಎಣಿಸಿ ಎಣಿಸಿ ಕೊಟ್ಟ. ಪ್ರತಿಯೊಂದನ್ನೂ ಮೂರು ಸಲ ಎಣಿಸುತ್ತಿದ್ದ. ಒಂದು ಜೊತೆ ಕೈಗವಸನ್ನೂ ಮೂರು ಸಲ. ಹುಡುಗರು ‘ಮೂರೆಣಿಕೆ’ ಎಂದು ಹೆಸರಿಟ್ಟು ನಗುತ್ತಿದ್ದರು. ಅವನೂ ನಗುತ್ತಿದ್ದ.

ಇನ್ನು ನಮ್ಮ ಮೇಷ್ಟ್ರು. ಅವರು ಸಂಘ ಸೇರಿದ್ದೇ ಆ ವರ್ಷ. ಆಗ ಸಂಘವೆಂದರೆ ನಿವೃತ್ತರಾದವರಿಗೆ ಹಾರ, ಸತ್ತವರಿಗೆ ಹೂವಿನ ಚಕ್ರ, ವರ್ಷಕ್ಕೊಂದು ಊಟ. ಇವರು ಕಾಲಿಟ್ಟ ಮೇಲೆ ಅದರ ನಿದ್ದೆ ಹಾರಿತು. ಮಸಿ ಹಿಡಿದ ಕೋಟನ್ನು ಪದಕದ ಹಾಗೆ ಹಾಕಿಕೊಂಡು ತಿರುಗುತ್ತಿದ್ದವರ ಬೆನ್ನು ಬಿದ್ದು, ಆ ಮಸಿ ಮೈಗಿಳಿದರೆ ರೋಗ ಬರುತ್ತದೆ ಎಂದು ಹೇಳಿ ಹೇಳಿ, ಹದಿನಾಲ್ಕು ಠಾಣೆಗಳಲ್ಲೂ ಕೋಟು ಒಗೆಯುವ ಯಂತ್ರ ಹಾಕಿಸಿದರು. ಹಲಗೆಯ ಹತ್ತಿರ ಯಾವಾಗಲೂ ಇಬ್ಬರು ನಿಲ್ಲಬೇಕು, ಒಬ್ಬ ಬೆನ್ನು ತಿರುಗಿಸಿದರೆ ಇನ್ನೊಬ್ಬ ನೋಡುತ್ತಿರಬೇಕು ಎಂಬ ನಿಯಮವೂ ಅವರದೇ. ಎಂಥ ಮುಂದಾಲೋಚನೆ, ಎಂಥ ಕಾಳಜಿ ಎಂದು ಮೇಲಧಿಕಾರಿಗಳು ಬೆನ್ನು ತಟ್ಟಿದರು. ಆ ನಿಯಮ ಎಲ್ಲಿಂದ ಬಂತೆಂದು ಅವರಿಗೇನು ಗೊತ್ತು? ಸಾವಿರ ಜನರಿಗೆ ಒಳ್ಳೆಯದು ಮಾಡಿ ಒಬ್ಬನಿಗೆ ಮಾಡಿದ್ದನ್ನು ಮುಚ್ಚಿಹಾಕಲು ಹೊರಟಿದ್ದ ಈ ಮನುಷ್ಯ. ನನಗೆ ಅವರ ಮೇಲೆ ಸಿಟ್ಟೂ ಇದೆ, ಅಯ್ಯೋ ಅನ್ನಿಸುವುದೂ ಇದೆ. ಎರಡನ್ನೂ ಬಚ್ಚಿಡುವುದಿಲ್ಲ.

ಉದ್ದಣ್ಣ ವಾರಕ್ಕೊಂದು ಸಲ ಊರುಗೋಲು ಊರಿಕೊಂಡು ಸಂಘದ ಮೆಟ್ಟಿಲು ಹತ್ತುತ್ತಿದ್ದ. ಟೀ ಕುಡಿಯುತ್ತ, “ಆ ಮೂರೆಣಿಕೆ ಕಣ್ಣು ಅವತ್ತು ನೆಟ್ಟಗಿದ್ದಿದ್ರೆ ನಾನಿವತ್ತು ಕುಣೀತಿದ್ದೆ ಕಣಯ್ಯ” ಅಂದು ದೊಡ್ಡದಾಗಿ ನಗುತ್ತಿದ್ದ. ಮೇಷ್ಟ್ರು, ಮುಂದಿನ ವಾರ ಹೇಳೋಣ ಅಂದುಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಉದ್ದಣ್ಣ ತೀರಿಕೊಂಡ. ಈಗ ಅವನ ಭಾವಚಿತ್ರವೂ ಆ ಗೋಡೆಯ ಮೇಲಿದೆ.

ಮೇಷ್ಟ್ರು ಮಾಡಿದ ಕೊನೆಯ ದೊಡ್ಡ ಕೆಲಸ ತಪ್ಪಿನ ಪೆಟ್ಟಿಗೆ. ಪ್ರತಿ ಠಾಣೆಯಲ್ಲೂ ಒಂದು ಪೆಟ್ಟಿಗೆ ಇಟ್ಟರು. ಕೆಲಸದಲ್ಲಿ ತಾನು ಮಾಡಿದ ತಪ್ಪನ್ನು ಯಾರು ಬೇಕಾದರೂ ಬರೆದು ಹಾಕಬಹುದು, ಹೆಸರು ಬೇಡ, ಶಿಕ್ಷೆ ಇಲ್ಲ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಅವುಗಳನ್ನು ಓದಿ ಎಲ್ಲರೂ ಕಲಿಯುವುದು. ಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಬ್ಬ ಬರೆದ. ಬೆಂಕಿ ಬಿದ್ದ ಮನೆ ಬಿಟ್ಟು ಪಕ್ಕದ ಮನೆಗೆ ಏಣಿ ಹಾಕಿ, ಹಾಯಾಗಿ ಸ್ನಾನ ಮಾಡುತ್ತಿದ್ದವನನ್ನು ಹೊತ್ತುಕೊಂಡು ಇಳಿದದ್ದು, ಕೆಳಗಿಳಿಯುವವರೆಗೂ ಅವನು ಬಯ್ಯುತ್ತಲೇ ಇದ್ದದ್ದು. ಸಭೆಯಲ್ಲಿ ಓದಿದಾಗ ಮುನ್ನೂರು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಲ್ಲಿಂದ ಜನರಿಗೆ ಧೈರ್ಯ ಬಂತು, ಪೆಟ್ಟಿಗೆಗಳು ತುಂಬಿದವು.

ಈ ವರ್ಷ ಮಹಾಸಭೆಗೆ ಹತ್ತು ದಿನವಿದ್ದಾಗ ಮೇಷ್ಟ್ರು ಹಳೆಯ ಠಾಣೆಯ ಪೆಟ್ಟಿಗೆ ಬಿಚ್ಚಿದರು. ಉಗ್ರಾಣದ ಬೇಡಿಕೆ ಚೀಟಿಯ ಹಿಂಬದಿಯಲ್ಲಿ ಬರೆದ ಒಂದು ಕಾಗದವಿತ್ತು. ಹೆಸರಿರಲಿಲ್ಲ. ಆದರೆ ಆ ದುಂಡು ಅಕ್ಷರ ಉಗ್ರಾಣದ ಪ್ರತಿ ಡಬ್ಬದ ಮೇಲೂ ಇತ್ತು. ಮೂರೆಣಿಕೆ ಆ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಕಾಗದದಲ್ಲಿ ಇದ್ದದ್ದು ಇಷ್ಟು:

“ಬಟ್ಟೆ ಗೋದಾಮಿನ ಬೆಂಕಿಯ ದಿನ ಹಲಗೆ ನನ್ನ ಕೈಯಲ್ಲಿತ್ತು. ಏಳನೇ ಮೊಳೆಯಲ್ಲಿ ಬಿಲ್ಲೆ ಇದೆ ಎಂದು ನಾನು ಕೂಗಿ ಹೇಳಿದೆ. ಇರಲಿಲ್ಲ. ಆ ನಂಬರಿನವನು ಬಂದು ಬಿಲ್ಲೆ ಕೇಳಿದ್ದು, ನಾನೇ ತೆಗೆದು ಕೊಟ್ಟಿದ್ದು ಈಗ ಚೆನ್ನಾಗಿ ನೆನಪಿದೆ. ಮೊದಲು ನೆನಪಿರಲಿಲ್ಲ. ವರ್ಷಗಟ್ಟಲೆ ಯೋಚನೆ ಮಾಡಿದ ಮೇಲೆ ನೆನಪಾಯಿತು. ಅವನ ಕೈ ಒದ್ದೆಯಾಗಿತ್ತು. ಕೊಟ್ಟ ಮೇಲೂ ಅದು ಅಲ್ಲೇ ಇದೆ ಎಂದು ಹೇಗೆ ಕಂಡಿತೋ ತಿಳಿಯದು. ಹೊಗೆಯಲ್ಲಿ ಕಣ್ಣು ಇಲ್ಲದ್ದನ್ನೂ ತೋರಿಸುತ್ತದೆ. ಹಲಗೆ ಹಿಡಿಯುವವರು ಕಣ್ಣನ್ನು ನಂಬಬೇಡಿ, ಕೈಯಿಂದ ಮುಟ್ಟಿ ನೋಡಿ. ನನ್ನಿಂದ ಒಬ್ಬ ಒಳ್ಳೆಯ ಮನುಷ್ಯನ ಬೆನ್ನು ಮುರಿಯಿತು. ಇದನ್ನು ಸಭೆಯಲ್ಲಿ ಓದಿದರೆ ಒಬ್ಬನಾದರೂ ಕಲಿತಾನು.”

ಮೇಷ್ಟ್ರು ಅದನ್ನು ಎರಡು ಸಲ ಓದಿ ಕಿಟಕಿಯ ಕಡೆ ತಿರುಗಿದರು. ಪೈಪುಗಳು ತೂಗುತ್ತಿದ್ದವು. ಎಂದಿನ ಹಾಗೆ ಹಿತ್ತಲು ಕಣ್ಣ ಮುಂದೆ ಬಂತು. ಆದರೆ ಆ ದಿನ ದುಪ್ಪಟಿಗಳ ನಡುವೆ ಇನ್ನೊಬ್ಬನಿದ್ದ. ಮೂರೆಣಿಕೆ ಒಂದೊಂದೇ ದುಪ್ಪಟಿ ಸರಿಸಿ, ಹಿಂದೆ ನೋಡಿ, ಮತ್ತೆ ಸರಿಸಿ ಏನನ್ನೋ ಹುಡುಕುತ್ತಿದ್ದ. ಇವರು ಅಲ್ಲೇ ಕೂತಿದ್ದರೂ ಅವನಿಗೆ ಕಾಣುತ್ತಿರಲಿಲ್ಲ.

ತಾನು ಅವನ ಕೆಲಸ ಕಿತ್ತುಕೊಂಡೆ, ಹೆಸರು ಕಿತ್ತುಕೊಂಡೆ ಎಂಬುದು ಅವರಿಗೆ ಗೊತ್ತೇ ಇತ್ತು. ಅದರ ಜೊತೆ ಬದುಕಲು ಹೇಗೋ ಕಲಿತಿದ್ದರು. ಆದರೆ ಅವನು ತಾನು ಕಂಡದ್ದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡಿರುತ್ತಾನೆ, ಎಲ್ಲೋ ಒಳಗೆ ತನ್ನನ್ನು ಶಪಿಸುತ್ತಿರುತ್ತಾನೆ ಎಂದು ನಂಬಿದ್ದರು. ಅದೇ ಒಂದು ಸಮಾಧಾನವಾಗಿತ್ತು. ಈಗ ನೋಡಿದರೆ ಅವನು ಇವರ ಸುಳ್ಳನ್ನು ನಂಬಲಾಗದೆ, ನಂಬದಿರಲೂ ಆಗದೆ, ಕೊನೆಗೆ ಆ ಸುಳ್ಳಿಗೆ ಬೇಕಾದ ನೆನಪನ್ನು ತಾನೇ ಹೊಲಿದು ಹಾಕಿಕೊಂಡಿದ್ದ. ಒದ್ದೆ ಕೈ ಸಮೇತ.

ಆ ಕಾಗದವನ್ನು ಎಂಟು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಹಾಗೇ ಓದಿಬಿಟ್ಟರೆ ಮುಗಿಯಿತು. ಸಭೆ ಮರುಗುತ್ತದೆ, ಚಪ್ಪಾಳೆ ಹೊಡೆಯುತ್ತದೆ, ಅವನು ಹಗುರಾಗಿ ಮನೆಗೆ ಹೋಗುತ್ತಾನೆ. ಅವನೇ ಕೇಳಿಕೊಂಡದ್ದು ಅದನ್ನೇ ತಾನೇ? ಅವನ ನೆಮ್ಮದಿಯನ್ನು ಯಾಕೆ ಕೆಡಿಸಬೇಕು? ಇಂಥ ನುಣ್ಣನೆಯ ಮಾತುಗಳನ್ನು ಮನಸ್ಸು ಅವರಿಗೆ ಎಂಟು ದಿನವೂ ಹೇಳಿತು. ಹೆದರಿದ ಮನಸ್ಸಿನಷ್ಟು ಚೆನ್ನಾಗಿ ಮಾತಾಡುವ ವಕೀಲ ಇನ್ನೊಬ್ಬನಿಲ್ಲ.

ಸಭೆಯ ಹಿಂದಿನ ದಿನ ರಜೆ. ಬೆಳಗ್ಗೆ ಹೆಂಡತಿ ಅಂಗಿ ಒಗೆಯಲು ತೆಗೆದು, ಜೇಬಿನಲ್ಲಿದ್ದ ಕಾಗದ ಓದಿದಳು.

“ಏಳನೇ ನಂಬರು ನಿಮ್ಮದಲ್ವಾ?”

ಅವರು ಇಲ್ಲೇ ಇದ್ದರು. ಎಲ್ಲಿಗೂ ಹೋಗಲು ಆಗಲಿಲ್ಲ. ಕೂತು ಎಲ್ಲವನ್ನೂ ಹೇಳಿದರು, ದುಪ್ಪಟಿಗಳನ್ನೂ, ಎಡಗೈಯನ್ನೂ, ಉದ್ದಣ್ಣನ ಟೀಯನ್ನೂ. ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನಂಗೆ ಹೇಳೋಕೆ ಇಪ್ಪತ್ತನಾಲ್ಕು ವರ್ಷ ತಗೊಂಡ್ರಿ,” ಅಂದಳು ಕೊನೆಗೆ. “ಅವರಿಗೆ ಹೇಳೋಕೆ ಮಧ್ಯಾಹ್ನದವರೆಗೂ ಟೈಮ್ ಇದೆ. ಬೇರೆ ಅಂಗಿ ಹಾಕ್ಕೊಂಡು ಹೊರಡಿ.”

ಮೂರೆಣಿಕೆಯ ಮನೆ ಎರಡು ಬೀದಿ ಆಚೆ. ನೆಲಮಹಡಿ, ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅವನು ಚಾಪೆಯ ಮೇಲೆ ಕೂತು ಉಗ್ರಾಣದ ಬೀಗದ ಕೈಗಳಿಗೆ ಒಂದೊಂದಾಗಿ ಚೀಟಿ ಕಟ್ಟುತ್ತಿದ್ದ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ಅವನ ಹೆಂಡತಿ ಏನೋ ಹೊಲಿಯುತ್ತಿದ್ದಳು.

“ಬಾರೋ ಮೇಷ್ಟ್ರೇ, ಕೂತ್ಕೋ. ಅದು ಬಂತಾ ಕೈಗೆ?”

“ಬಂತು ಅಣ್ಣ.”

“ಅಕ್ಷರದಲ್ಲೇ ಗೊತ್ತಾಗಿರುತ್ತೆ ಬಿಡು ನಿಂಗೆ. ಉದ್ದ ಆಯ್ತಾ? ಓದೋಕೆ ಆಗುತ್ತಾ ಸಭೇಲಿ?”

“ಆಗಲ್ಲ ಅಣ್ಣ.”

“ಯಾಕೆ, ಹೆಸರಿಲ್ಲ ಅಂತಾನಾ? ಹಾಕು ಹೆಸರು. ಇನ್ನೇನು ಹೋಗೋನು ನಾನು, ನಂಗೇನು ನಾಚಿಕೆ.”

“ಅದ್ರಲ್ಲಿ ಬರ್ದಿರೋದು ನಿಜ ಅಲ್ಲ.”

ಮೂರೆಣಿಕೆ ಬೀಗದ ಕೈ ಕೆಳಗಿಟ್ಟು ನೋಡಿದ. ಮೇಷ್ಟ್ರು ಹೇಳಿದರು. ಒಂದೂವರೆ ಗಂಟೆ ಪಾಠ ಹೇಳುತ್ತಿದ್ದ ಮನುಷ್ಯ ಅದನ್ನು ಹೇಳಿ ಮುಗಿಸಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಒಳಗೆ ಯಂತ್ರ ಒಂದು ಉದ್ದನೆಯ ಹೊಲಿಗೆ ಹಾಕಿ ನಿಂತಿತು, ಮತ್ತೆ ಶುರುವಾಯಿತು.

ಮೂರೆಣಿಕೆ ಕೆಳಗಿಟ್ಟ ಬೀಗದ ಕೈಯನ್ನು ಮೂರು ಸಲ ಮುಟ್ಟಿ ನೋಡಿದ. ಆಮೇಲೆ, ವಿಚಾರಣೆ ಮಾಡುವ ಅಧಿಕಾರಿಯ ದನಿಯಲ್ಲಿ ಕೇಳಿದ.

“ಯಾವ ಕೈ?”

“ಎಡಗೈ.”

“ನಾನೆಲ್ಲಿದ್ದೆ?”

“ಹಲಗೆಗೆ ಬೆನ್ನು ಹಾಕಿದ್ರಿ. ವೈರ್‌ಲೆಸ್ಸಲ್ಲಿ ಮಾತಾಡ್ತಿದ್ರಿ.”

“ಉದ್ದಣ್ಣ?”

“ಒಳಗೆ ಹೋಗಾಗಿತ್ತು.”

“ಹಾಗಾದ್ರೆ ನಾನು ಸೀಟಿ ಊದಿದಾಗ?”

“ಇತ್ತು ಅಣ್ಣ. ಮೊಳೇಲೇ ಇತ್ತು.”

“ಸುಳ್ಳು ಹೇಳ್ಬೇಡ. ನೀನು ಬಂದು ಕೇಳಿದ್ದು ನಂಗೆ ನೆನಪಿದೆ ಕಣೋ. ನಿನ್ನ ಕೈ ಒದ್ದೆಯಾಗಿತ್ತು.”

“ನಾನು ನಿಮ್ಮ ಹತ್ರ ಬರಲೇ ಇಲ್ಲ ಅಣ್ಣ. ನನ್ನ ಕೈ ಒಣಗಿತ್ತು.”

ಮೂರೆಣಿಕೆ ತನ್ನ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ಅಂಗೈ ನೋಡಿಕೊಂಡ.

“ಮಗನಿಗೆ ಸೈಕಲ್ ಕಲಿಸ್ಲಿಲ್ಲ ನಾನು,” ಅಂದ. “ರಸ್ತೇಲಿ ಗಾಡಿ ಬರ್ತಾ ಇದ್ರೂ ಬರ್ತಿಲ್ಲ ಅಂತ ಕಂಡ್ಬಿಟ್ರೆ ಅಂತ. ಅವಳೇ ಕಲಿಸಿದ್ಳು. ಗ್ಯಾಸ್ ಆರ್ಸಿದ್ದೀನಾ ಅಂತ ಇವತ್ತಿಗೂ ಅವಳನ್ನೇ ಕೇಳ್ತೀನಿ. ಬಾಗಿಲು ಹಾಕಿದ್ದೀನಾ ಅಂತ ಅವಳನ್ನೇ ಕೇಳ್ತೀನಿ. ರಸ್ತೆ ದಾಟೋಕೆ ಅವಳ ಕೈ ಹಿಡ್ಕೋತೀನಿ ಕಣೋ ನಾನು. ಜನ ನೋಡಿ ಎಷ್ಟು ಪ್ರೀತಿ ಅಂತಾರೆ.”

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದು, ಅದರ ಗಾತ್ರ ನೋಡಿ ತಾವೇ ನಾಚಿ ನುಂಗಿಕೊಂಡರು. “ನಾಳೆ ನಾನೇ ಓದ್ತೀನಿ ಅಣ್ಣ,” ಅಂದರು. “ನನ್ನದನ್ನ. ಆಮೇಲೆ ಏನಾಗುತ್ತೋ ಆಗ್ಲಿ.”

“ಓದು. ಹೆಸರು ಹಾಕಿ ಓದು. ನಿಂದೂ ಹಾಕು, ನಂದೂ ಹಾಕು. ಉದ್ದಣ್ಣನ ಮನೆಯವರನ್ನ ಕರೆಸಿ ಮುಂದಿನ ಸಾಲಲ್ಲಿ ಕೂರಿಸಿ ಓದು.” ಬೀಗದ ಕೈಗಳನ್ನು ಪಕ್ಕಕ್ಕೆ ತಳ್ಳಿದ. “ನಿನ್ನನ್ನ ಏನು ಮಾಡ್ಬೇಕು ಅಂತ ನಂಗೆ ಈಗ ಗೊತ್ತಾಗ್ತಿಲ್ಲ. ಎದ್ದು ಹೊಡೀಬೇಕು ಅನ್ನಿಸ್ತಿದೆ. ಅದೆಲ್ಲ ಆಮೇಲೆ. ಏಳ್ಬೇಡ, ಕೂತಿರು.”

ಅವನು ಒಳಗಿನ ಬಾಗಿಲ ಕಡೆ ತಿರುಗಿ ಕರೆದ. “ಇವಳೇ, ಮಿಷನ್ ನಿಲ್ಸು. ಸ್ವಲ್ಪ ಇಲ್ಲಿ ಬಾ.”

ಯಂತ್ರ ನಿಂತಿತು. ಅವನ ಹೆಂಡತಿ ಕೈಯಲ್ಲಿ ಕತ್ತರಿ ಹಿಡಿದೇ ಬಂದಳು, ತೋಳಿನ ಮೇಲೆ ನೂಲಿನ ತುಂಡುಗಳು ಅಂಟಿಕೊಂಡಿದ್ದವು. ಗಂಡನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು.

“ಏನಾಯ್ತು ರೀ? ಯಾಕೆ ಹೀಗೆ ಕೂತಿದ್ದೀರಾ ಇಬ್ರೂ?”

“ಕೂತ್ಕೋ,” ಅಂದ ಅವನು. “ಇವನು ಏನೋ ಹೇಳ್ತಾನೆ, ಕೇಳು. ಹೇಳೋ. ಮೊದಲಿಂದ ಹೇಳು, ನಿಧಾನಕ್ಕೆ ಹೇಳು.”

ಅವಳು ಚಾಪೆಯ ಅಂಚಿನಲ್ಲಿ ಕೂತಳು. “ಅತ್ತಿಗೆ,” ಎಂದು ಮೇಷ್ಟ್ರು ಬಾಯಿ ತೆರೆದರು. ಅಷ್ಟು ಹೊತ್ತು ಕಾಯುವುದು ಮೂರೆಣಿಕೆಗೆ ಆಗಲಿಲ್ಲ. ಹೆಂಡತಿಯ ಮೊಣಕೈ ಹಿಡಿದುಕೊಂಡ.

“ಬಿಲ್ಲೆ ಅಲ್ಲೇ ಇತ್ತಂತೆ ಕಣೆ,” ಅಂದ. “ನನ್ನ ಕಣ್ಣು ಸರಿಯಾಗೇ ಇತ್ತಂತೆ.”